ನೀರು ಜಾಸ್ತಿಯಾಯ್ತಂತೆ!

ಜೂನ್ ಬಂತು ಅಂದ್ರೆ ಸಾಕು, ನಮ್ಮ ಹಳೇ ಗೇಮ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೊಬ್ಬರು ಕೊಡಗಿನ ಮಳೆಯ ಫೋಟೋ ಹಾಕುತ್ತಾರೆ. ಕೆಳಗೆ ‘7.8, ನೀರು ಜಾಸ್ತಿ’ ಅಂತ ಬರೆದಿರುತ್ತಾರೆ. ಬೆಂಗಳೂರಿನಲ್ಲಿ ಕೂತವರಿಗೆ ಭಾರಿ ನಗು. ಸೋಮವಾರಪೇಟೆ ಕಡೆ ಕೂತಿರುವ ನನಗೂ ನಗು ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಈ ಮಾತು ಬಂದದ್ದು ಒಂದು ಪೋಕೆಮಾನ್ ಗೇಮ್ ವಿಮರ್ಶೆಯಿಂದ, ಜೋಕ್ ಮಾಡುವವರಲ್ಲಿ ಆ ವಿಮರ್ಶೆಯನ್ನು ಪೂರ್ತಿ ಓದಿದವರು ಎಷ್ಟು ಜನ? ಅದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯಬೇಕು ಅನ್ನಿಸಿತು. ಪೋಕೆಮಾನ್ ಅಂದ್ರೆ ಮಕ್ಕಳ ಕಾರ್ಟೂನ್ ಅನ್ನುವವರು ಮುಂದಿನ ಪೋಸ್ಟಿಗೆ ಹೋಗಿ, ಬೇಜಾರಿಲ್ಲ.

ಗೊತ್ತಿಲ್ಲದವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. 2002ರ ನವೆಂಬರ್‌ನಲ್ಲಿ ಜಪಾನಿನಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಪೋಕೆಮಾನ್ ರೂಬಿ, ಸಫೈರ್ ಎಂಬ ಜೋಡಿ ಗೇಮ್ ಬಂತು. ಹೋಯೆನ್ ಅನ್ನುವ ನಾಡು. ಜಪಾನಿನ ದಕ್ಷಿಣದ ಕ್ಯೂಷು ದ್ವೀಪವನ್ನು ಸ್ವಲ್ಪ ತಿರುಗಿಸಿ ಅದರ ನಕ್ಷೆ ಮಾಡಿದ್ದಾರೆ. ಊರೂರು ಸುತ್ತಿ ಪ್ರಾಣಿ ಹಿಡಿಯಬೇಕು, ಪಳಗಿಸಬೇಕು, ಕಾದಾಡಿಸಬೇಕು. 2014ರ ನವೆಂಬರ್‌ನಲ್ಲಿ ಅದನ್ನೇ ಹೊಸದಾಗಿ ಕಟ್ಟಿ ನಿಂಟೆಂಡೊ 3ಡಿಎಸ್‌ಗೆ ಒಮೆಗಾ ರೂಬಿ, ಆಲ್ಫಾ ಸಫೈರ್ ಅಂತ ತಂದರು. ಆಗ ಐಜಿಎನ್ ಎಂಬ ಗೇಮ್ ವೆಬ್‌ಸೈಟ್ ಬರೆದ ವಿಮರ್ಶೆಯಲ್ಲಿ 10ಕ್ಕೆ 7.8 ಅಂಕ. ಕೊನೆಗೆ ಕೊರತೆಗಳ ಪಟ್ಟಿಯಲ್ಲಿ ನೀರು ಜಾಸ್ತಿ ಅಂತ ಒಂದು ತುಂಡು ಸಾಲು.

ಆ ತುಂಡು ಸಾಲು ಸಾಕಾಯಿತು. ಸಮುದ್ರದ ಫೋಟೋ, ಸ್ನಾನದ ಮನೆ ಫೋಟೋ, ಎಲ್ಲದರ ಕೆಳಗೆ 7.8. ಇವತ್ತಿಗೂ ನಿಂತಿಲ್ಲ.

ನನ್ನ ಅಭಿಪ್ರಾಯ ಏನಂದ್ರೆ, ಆ ವಿಮರ್ಶೆ ನೋವಿರುವ ಜಾಗವನ್ನು ಸರಿಯಾಗಿ ಮುಟ್ಟಿತ್ತು. ಒಳಗಿನ ಬರಹ ಓದಿದರೆ ಗೊತ್ತಾಗುತ್ತದೆ. ಅಲ್ಲಿದ್ದದ್ದು ನೀರಿನ ಜಾತಿಯ ಪ್ರಾಣಿಗಳೇ ತುಂಬಿ ಆಟದ ತೂಕ ಒಂದು ಕಡೆ ವಾಲಿದೆ ಅನ್ನುವ ದೂರು. ಇದು ನಿಜ ಅಲ್ವಾ? ಹೋಯೆನ್ ನಕ್ಷೆಯ ಪೂರ್ವದ ಅರ್ಧ ಬಹುಪಾಲು ಸಮುದ್ರ. ಅದನ್ನು ದಾಟಲು ಪ್ರಾಣಿಗೆ ಸರ್ಫ್ ಎಂಬ ಪಟ್ಟು (ವಿದ್ಯೆ) ಕಲಿಸಬೇಕು, ಮುಳುಗಲು ಡೈವ್ ಬೇಕು, ಜಲಪಾತ ಹತ್ತಲು ವಾಟರ್‌ಫಾಲ್ ಬೇಕು. ಜೊತೆಗಿರುವುದು ಆರೇ ಪ್ರಾಣಿ, ಒಂದೊಂದಕ್ಕೆ ನಾಲ್ಕೇ ಪಟ್ಟು. ಈ ದಾರಿ ಬಿಡಿಸುವ ಪಟ್ಟುಗಳನ್ನು ಒಮ್ಮೆ ಕಲಿಸಿದರೆ ಸುಲಭಕ್ಕೆ ಮರೆಸಲೂ ಆಗುವುದಿಲ್ಲ. ಲಿಲಿಕೋವ್ ಎಂಬ ಊರಿಗೆ ಹೋಗಿ ಮರೆಸುವವನನ್ನು ಹುಡುಕಬೇಕು. ಅಷ್ಟೆಲ್ಲ ಮಾಡಿ ಸಮುದ್ರಕ್ಕಿಳಿದರೆ ಎದುರಾಗುವುದು ಟೆಂಟಕೂಲ್ ಎಂಬ ಜೆಲ್ಲಿಮೀನು. ಮತ್ತೆ ಟೆಂಟಕೂಲ್. ಆಮೇಲೆ ವಿಂಗಲ್. ಪುನಃ ಟೆಂಟಕೂಲ್. ಆಡಿದವರು ಎದೆ ಮುಟ್ಟಿಕೊಂಡು ಹೇಳಿ, ಪ್ರಾಣಿಗಳನ್ನು ದೂರ ಇಡುವ ರಿಪೆಲ್ ಡಬ್ಬಿಗಳನ್ನು ರಾಶಿಗಟ್ಟಲೆ ಕೊಂಡಿಟ್ಟುಕೊಂಡಿರಲಿಲ್ಲವೇ?

ಹಾಗಿದ್ದರೂ ‘ಜಾಸ್ತಿ’ ಅನ್ನುವ ಅಳತೆ ನನಗೆ ಒಪ್ಪಿಗೆಯಿಲ್ಲ. ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ತೋಟದ ಮನೆಗಳಲ್ಲಿ ಮಳೆ ಅಳೆಯುವ ಮಾಪಕ ಇರುತ್ತದೆ. ಬೆಳಗ್ಗೆ ಫೋನ್ ಮಾಡಿದರೆ ಊಟ ತಿಂಡಿ ಕೇಳುವ ಮೊದಲು ‘ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?’ ಅಂತ ಕೇಳುವ ಜನ ನಾವು (ನೂರು ಸೆಂಟ್ ಅಂದ್ರೆ ಒಂದು ಇಂಚು ಮಳೆ). ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಬಿಡಿಸುವ ಮಳೆ ಬಿದ್ದರೆ ಹಬ್ಬ. ಕೆಲವು ವಾರ ಬಿಟ್ಟು ಅದರ ಬೆನ್ನಿಗೆ ಇನ್ನೊಂದು ಮಳೆ ಬೀಳಲೇಬೇಕು, ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ಅದೇ ಮಳೆ ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿದ್ದಾಗ ಬಂದರೆ ಮನೆಯವರೆಲ್ಲ ಟಾರ್ಪಾಲ್ ಹಿಡಿದು ಓಡಬೇಕು. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಬಿಡದೆ ಹೊಡೆದರೆ ಕಾಫಿಗೂ ಮೆಣಸಿಗೂ ಕೊಳೆ. ಭಾಗಮಂಡಲದಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆಯ ಕಾಲು ಭಾಗ ಕುಶಾಲನಗರ ಕಡೆ ಬಿದ್ದರೆ ಹೆಚ್ಚು. ಎರಡೂ ಒಂದೇ ಜಿಲ್ಲೆ. ಎಷ್ಟು ಬಿತ್ತು ಅನ್ನುವುದರ ಜೊತೆಗೆ ಎಲ್ಲಿ, ಯಾವಾಗ ಅಂತ ಹೇಳದಿದ್ದರೆ ಇಲ್ಲಿ ಆ ಲೆಕ್ಕಕ್ಕೆ ಬೆಲೆಯೇ ಇಲ್ಲ.

ತಮಾಷೆ ನೋಡಿ, ಈ ವಿಷಯ ಆ ಗೇಮ್‌ಗೂ ಗೊತ್ತಿತ್ತು. ಅದರೊಳಗಿನ ರೂಟ್ 119 ಎಂಬ ದಾರಿಗೆ ಹೋದರೆ ಮಳೆ ಸುರಿಯುತ್ತದೆ, ಎತ್ತರದ ಹುಲ್ಲು, ಮಧ್ಯೆ ಉದ್ದನೆಯ ಹೊಳೆ. ದಡದಲ್ಲಿ ಒಂದು ಹವಾಮಾನ ಸಂಸ್ಥೆ. ಅಲ್ಲಿ ಕೊಡುವ ಕ್ಯಾಸ್ಟ್‌ಫಾರ್ಮ್ ಎಂಬ ಪುಟ್ಟ ಪ್ರಾಣಿ ಮಳೆಯಲ್ಲಿ ನೀರಿನ ಜಾತಿ, ಬಿಸಿಲಲ್ಲಿ ಬೆಂಕಿ, ಆಲಿಕಲ್ಲಿನಲ್ಲಿ ಹಿಮ. ಹೊಳೆ ದಾಟಿ ಮುಂದೆ ಹೋದರೆ ಮರದ ಮೇಲೇ ಮನೆ ಕಟ್ಟಿಕೊಂಡ ಫೋರ್ಟ್ರೀ ಅನ್ನುವ ಊರು. ಅತ್ತ ರೂಟ್ 111ರಲ್ಲಿ ಮರಳ ಬಿರುಗಾಳಿ. ರೂಟ್ 113ರಲ್ಲಿ ಬೆಟ್ಟದ ಬೂದಿ ಉದುರುತ್ತದೆ, ನಡೆದ ಕಡೆ ಹುಲ್ಲಿನ ಮೇಲಿನ ಬೂದಿ ಹೋಗಿ ಹಸಿರು ಕಾಣುತ್ತದೆ. ಕಾದಾಟದಲ್ಲೂ ಮಳೆಗೆ ಲೆಕ್ಕ ಇದೆ. ಮಳೆಯಲ್ಲಿ ನೀರಿನ ಪೆಟ್ಟು ಒಂದೂವರೆ ಪಟ್ಟು, ಬೆಂಕಿಯ ಪೆಟ್ಟು ಅರ್ಧ, ಥಂಡರ್ ಎಂಬ ಸಿಡಿಲಿನ ಪೆಟ್ಟು ಹೊಡೆದರೆ ಗುರಿ ತಪ್ಪುವುದಿಲ್ಲ. ಸ್ವಿಫ್ಟ್ ಸ್ವಿಮ್ ಗುಣ ಇರುವ ಪ್ರಾಣಿಗೆ ವೇಗ ಎರಡು ಪಟ್ಟು. ಪ್ರಾಣಿಗೊಂದು ಹುಟ್ಟುಗುಣ ಅನ್ನುವ ಏರ್ಪಾಡು ಈ ಸರಣಿಗೆ ಬಂದದ್ದೇ ಈ ಗೇಮ್‌ನಿಂದ.

ಆ 119ರ ಹೊಳೆಯ ಇನ್ನೊಂದು ಕತೆ ಹೇಳಲೇಬೇಕು. ಫೀಬಸ್ ಅನ್ನುವ ಬಡಕಲು ಮೀನು ಅಷ್ಟುದ್ದದ ಹೊಳೆಯಲ್ಲಿ ಆರೇ ಆರು ಚೌಕದಲ್ಲಿ ಸಿಗುತ್ತದೆ. ಯಾವ ಆರು? ಅದು ಎಲ್ಲೋ ದೂರದ ಡ್ಯೂಫರ್ಡ್ ಎಂಬ ಊರಿನಲ್ಲಿ ಜನ ಆಡಿಕೊಳ್ಳುವ ಒಂದು ಮಾತಿನ ಮೇಲೆ ನಿಂತಿದೆ. ಮಾತು ಬದಲಾದರೆ ಮೀನಿನ ಜಾಗವೂ ಬದಲು! ಹುಚ್ಚು ಅಂದ್ರೆ ಹುಚ್ಚು. ಆದರೆ ಆ ಹೊಳೆಯ ಒಂದೊಂದು ಚೌಕವನ್ನೂ ಗಾಳ ಹಾಕಿ ನೋಡಿದವನಿಗೆ ಆ ನೀರು ಜಾಸ್ತಿ ಅನ್ನಿಸುವುದಿಲ್ಲ. 2014ರ ಗೇಮ್‌ನಲ್ಲಿ ಸೇತುವೆ ಕೆಳಗೆ ಗಾಳ ಹಾಕಿದರೆ ಮೀನು ಸಿಗುವ ಹಾಗೆ ಸುಲಭ ಮಾಡಿದರು. ಸಮಯ ಉಳಿಯಿತು, ಹೊಳೆ ಸಣ್ಣದಾಯಿತು.

ಇಷ್ಟು ಚೆನ್ನಾಗಿ ಮಳೆ, ಹೊಳೆ ಮಾಡಿದವರು ಸಮುದ್ರಕ್ಕೆ ಬಂದಾಗ ಮಾತ್ರ ಕೈಬಿಟ್ಟರು. ರೂಟ್ 124ರಿಂದ 134ರವರೆಗೆ ನೀಲಿ ಬಟ್ಟೆ ಹಾಸಿದ ಹಾಗೆ. ನಡುನಡುವೆ ಒಳ್ಳೆಯ ಜಾಗಗಳಿವೆ, ಇಲ್ಲ ಅನ್ನುವುದಿಲ್ಲ. ನೀರಿನ ಮೇಲೆ ತೇಲುವ ಊರಿದೆ. ಎಳೆದುಕೊಂಡು ಹೋಗುವ ಸೆಳವಿದೆ. 134ರ ತಳದಲ್ಲಿ ಬ್ರೈಲ್ ಚುಕ್ಕೆಗಳಲ್ಲಿ ಬರೆದ ಗುಟ್ಟಿನ ಕೋಣೆ ಇದೆ. (ಆ ಚುಕ್ಕೆಗಳ ಅಕ್ಷರಮಾಲೆ ಗೇಮ್ ಜೊತೆ ಕೊಡುವ ಪುಸ್ತಕದಲ್ಲಿತ್ತು. ಗೇಮ್ ಇರುವ ನಮ್ಮ ಕಾರ್ಟ್ರಿಜ್, ಪೆಟ್ಟಿಗೆ, ಪುಸ್ತಕ ಏನೂ ಇಲ್ಲದೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಂದಿತ್ತು. ಹಾಗಾಗಿ ಆ ಗೋಡೆ ನಮಗೆ ಬಹಳ ಕಾಲ ಸುಮ್ನೆ ಗೋಡೆ.) ಆದರೆ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ನಡುವಿನ ನೀರೆಲ್ಲ ಒಂದೇ. ವಿಮರ್ಶೆ ಬರೆದವರು ಇದನ್ನು ಪಟ್ಟಿಯಲ್ಲಿ ಇನ್ನೆರಡು ಪದ ಸೇರಿಸಿ ಬರೆದಿದ್ದರೆ ಯಾರೂ ನಗುತ್ತಿರಲಿಲ್ಲ. ಯಾರೂ ನೆನಪಿಟ್ಟುಕೊಳ್ಳುತ್ತಲೂ ಇರಲಿಲ್ಲ, ಅದು ಬೇರೆ ಮಾತು.

ಇನ್ನು ಅಂಕದ ವಿಷಯ. 7.8 ಅಂದ್ರೆ ಎಸ್‌ಎಸ್‌ಎಲ್‌ಸಿಯಲ್ಲಿ 78 ಪರ್ಸೆಂಟ್. ನಮ್ಮೂರಲ್ಲಿ ಅಷ್ಟು ಬಂದ ಹುಡುಗನ ಮನೆಯಲ್ಲಿ ಪಾಯಸ ಮಾಡುತ್ತಾರೆ. ಗೇಮ್ ಅಭಿಮಾನಿಗಳಿಗೆ ಮಾತ್ರ ಅದು ಫೇಲ್! ಯಾಕಂದ್ರೆ ದೊಡ್ಡ ಗೇಮ್‌ಗಳಿಗೆ ಅಂಕ ಶುರುವಾಗುವುದೇ ಏಳರಿಂದ ಅಂತ ಎಲ್ಲರೂ ಒಳಗೊಳಗೇ ಒಪ್ಪಿಕೊಂಡಿದ್ದಾರೆ. ಬೇರೆಯವರು ಕೊಟ್ಟದ್ದನ್ನೆಲ್ಲ ಸೇರಿಸಿದರೆ ಈ ಗೇಮ್‌ನ ಸರಾಸರಿ 100ಕ್ಕೆ 80ರ ಮೇಲೇ ಇದೆ. 78ಕ್ಕೂ ಅದಕ್ಕೂ ಎಷ್ಟು ದೂರ? ಜಗಳ ನಡೆದದ್ದು ಆ ಚೂರು ಜಾಗಕ್ಕೆ.

2010ರಲ್ಲಿ ಬಂದ ಪೋಕೆಮಾನ್ ಬ್ಲಾಕ್, ವೈಟ್ ಗೇಮ್‌ಗೆ ಜಪಾನಿನ ಫಾಮಿತ್ಸು ಪತ್ರಿಕೆ 40ಕ್ಕೆ 40 ಕೊಟ್ಟಿತು. ನಾಲ್ಕು ಜನ ವಿಮರ್ಶಕರು, ನಾಲ್ವರೂ ಹತ್ತು. ಆಗ ಅಭಿಮಾನಿಗಳು ಏನು ಮಾಡಿದರು? ಐಸ್‌ಕ್ರೀಮ್ ಕೋನ್ ಥರ ಇರುವ ಒಂದು ಪ್ರಾಣಿಯ ಚಿತ್ರ ಹಿಡಿದುಕೊಂಡು ಇವರ ಕಲ್ಪನೆ ಬತ್ತಿಹೋಯಿತು ಅಂತ ಬೈದರು. ಈಗ ಅದೇ ಜನ ‘ಆ ಕಾಲದ ಕತೆ ಮತ್ತೆ ಬರಲಿಲ್ಲ’ ಅನ್ನುತ್ತಾರೆ. ಕಡಿಮೆ ಅಂಕ ಕೊಟ್ಟರೂ ಬೈಗುಳ, ಪೂರ್ತಿ ಕೊಟ್ಟರೂ ಬೈಗುಳ. ವಿಮರ್ಶಕರ ಕೆಲಸ ನನಗಂತೂ ಬೇಡಪ್ಪ.

ಆದರೆ ವಿಮರ್ಶಕರ ಪರವಾಗಿಯೇ ಎಲ್ಲ ಹೇಳಲಾರೆ. ಅವರು ಆಡುವ ರೀತಿಯೇ ಬೇರೆ. ಗೇಮ್ ಮಾರುಕಟ್ಟೆಗೆ ಬರುವ ಮೊದಲೇ ಮುಗಿಸಿ ಬರೆದು ಕೊಡಬೇಕು. ಅಂಥವರಿಗೆ ಆ ಸಮುದ್ರ ರಸ್ತೆಗೆ ಅಡ್ಡ ಬಿದ್ದ ಮರ. ನಮಗೆ ಹಾಗಿರಲಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗ ಅಂತ ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಟಿವಿ ಇಲ್ಲ, ಶಾಲೆಗೆ ಮಳೆ ರಜೆ. ಗೇಮ್ ಬಾಯ್ ಅಡ್ವಾನ್ಸ್‌ಗೆ ಎರಡು ಪೆನ್ಸಿಲ್ ಸೆಲ್ ಹಾಕಿದರೆ ಸಾಕು. ತೊಂದರೆ ಇದ್ದದ್ದು ಪರದೆಯಲ್ಲಿ. 2001ರ ಆ ಮೊದಲ ಮಾದರಿಗೆ ಒಳಗಿಂದ ಬೆಳಕೇ ಇಲ್ಲ. ಬೆಳಕು ಇರುವ ಎಸ್‌ಪಿ ಮಾದರಿ ಬಂದದ್ದು 2003ರಲ್ಲಿ. ಆಷಾಢದಲ್ಲಿ ನಮ್ಮ ಮನೆಯೊಳಗೆ ಮಧ್ಯಾಹ್ನವೂ ಕತ್ತಲೆ. ಜಗಲಿಯ ಅಂಚಿಗೆ ಬಂದು, ಮೋಡದ ಬೆಳಕಿಗೆ ಪರದೆ ಓರೆ ಮಾಡಿ ಹಿಡಿದು ಆಡಬೇಕು. ಎರಚಲು ಹೊಡೆದರೆ ಅಮ್ಮನ ಬೈಗುಳ ಬೇರೆ. ಹಾಗೆ ಆಡುವವನಿಗೆ ಸಮುದ್ರ ಎಷ್ಟು ಉದ್ದ ಇದ್ದರೆ ಅಷ್ಟು ಒಳ್ಳೆಯದು. ಬೇಗ ಮುಗಿದರೆ ಮುಂದೇನು ಮಾಡುವುದು?

2002-03ರಲ್ಲಿ ಮೂಲ ರೂಬಿ, ಸಫೈರ್ ಬಗ್ಗೆ ಬಂದ ವಿಮರ್ಶೆಗಳಲ್ಲಿ ನೀರಿನ ದೂರು ಅಷ್ಟು ಜೋರಾಗಿರಲಿಲ್ಲ. ಆಗಿನ ಕೊರಗು ಬೇರೆ. ಹಿಂದಿನ ಗೋಲ್ಡ್, ಸಿಲ್ವರ್‌ನಲ್ಲಿ ಹಗಲು ರಾತ್ರಿ ಆಗುತ್ತಿತ್ತು, ಇಲ್ಲಿ ಅದನ್ನು ತೆಗೆದರು. ಹಳೆಯ ಗೇಮ್‌ನಲ್ಲಿ ಸಾಕಿದ ಪ್ರಾಣಿಗಳನ್ನು ಇದಕ್ಕೆ ತರಲು ದಾರಿಯೇ ಇಡಲಿಲ್ಲ. ಹೊಸ ಯಂತ್ರ ಬಂದರೂ ಚಿತ್ರ ಅಷ್ಟೇನೂ ಮುಂದೆ ಹೋಗಲಿಲ್ಲ. ಎರಡನೆಯದು ದೊಡ್ಡ ತಪ್ಪೇ. ಮಕ್ಕಳು ವರ್ಷಗಟ್ಟಲೆ ಸಾಕಿದ್ದನ್ನು ಬಿಟ್ಟು ಬಾ ಅನ್ನುವುದು ಸಣ್ಣ ಮಾತಲ್ಲ.

ಇವುಗಳಿಗಿಂತ ನನಗೆ ಹೆಚ್ಚು ಕಾಡಿದ್ದು ಲಿಂಕ್ ಕೇಬಲ್. ರೂಬಿಯಲ್ಲಿ ಸೀಡಾಟ್ ಎಂಬ ಪ್ರಾಣಿ ಸಿಗುತ್ತದೆ, ಲೋಟಾಡ್ ಎಂಬುದು ಇಲ್ಲ. ಸಫೈರ್‌ನಲ್ಲಿ ಉಲ್ಟಾ. ಬದಲಾಯಿಸಿಕೊಳ್ಳಲು ಇನ್ನೊಬ್ಬ ಬೇಕು, ಅವನ ಹತ್ತಿರ ಇನ್ನೊಂದು ಗೇಮ್ ಬೇಕು, ನಡುವೆ ತಂತಿ ಬೇಕು. ಟೋಕಿಯೋದ ರೈಲಿನಲ್ಲಿ ಇದು ಸುಲಭ ಇರಬಹುದು. ಇಲ್ಲಿ ಒಂದು ತೋಟದ ಮನೆಯಿಂದ ಇನ್ನೊಂದಕ್ಕೆ ಹೋಗಲು ಗುಡ್ಡ ಇಳಿದು, ತೋಡು ದಾಟಿ, ಜಿಗಣೆ ಕಿತ್ತುಕೊಳ್ಳುತ್ತಾ ನಡೆಯಬೇಕು. ಹೋದರೂ ಅಲ್ಲಿ ಇನ್ನೊಂದು ಗೇಮ್ ಬಾಯ್ ಇರಬೇಕಲ್ಲ. ‘ಎಲ್ಲವನ್ನೂ ಹಿಡಿ’ ಅನ್ನುವ ಆಟ ಯಾರಿಗೆ ಸಾಧ್ಯ, ಯಾರಿಗಿಲ್ಲ ಅಂತ ಕೇಳುವ ವಿಮರ್ಶೆ ನನ್ನ ಕಣ್ಣಿಗೆ ಬೀಳಲಿಲ್ಲ.

ಅಕ್ಕನ ಮಗ ಈಗ ಕಾಲೇಜಿನಲ್ಲಿದ್ದಾನೆ. ಅವನ ವಾದವೇ ಬೇರೆ. ‘ಮಾಮ, ವಿಮರ್ಶೆ ನೋಡಿ ಯಾರು ಗೇಮ್ ತಗೊಳ್ತಾರೆ?’ ಅನ್ನುತ್ತಾನೆ. ಅವನು ಕೊಡುವ ಉದಾಹರಣೆ 2022ರ ಪೋಕೆಮಾನ್ ಸ್ಕಾರ್ಲೆಟ್, ವೈಲೆಟ್. ಚಿತ್ರ ತಡವರಿಸುತ್ತದೆ, ಪಾತ್ರಗಳು ನೆಲದೊಳಗೆ ಹೂತುಹೋಗುತ್ತವೆ ಅಂತ ಎಲ್ಲರೂ ಬರೆದರು. ಮೊದಲ ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾಯಿತು. ಅವನ ಲೆಕ್ಕ ಸರಿ. ಆದರೆ ನಾನು ವಿಮರ್ಶೆ ಓದುವುದು ಕೊಳ್ಳುವುದಕ್ಕಲ್ಲ. ಆಡಿ ಆದಮೇಲೆ ಓದುತ್ತೇನೆ. ನನಗೆ ಬೇಜಾರಾದ ಜಾಗದಲ್ಲೇ ಇನ್ನೊಬ್ಬರಿಗೂ ಬೇಜಾರಾಯ್ತಾ, ಯಾಕೆ ಆಯ್ತು, ಅದನ್ನು ಅವರು ಹೇಗೆ ಹೇಳಿದರು ಅಂತ ನೋಡುವುದೇ ಒಂದು ಖುಷಿ. ಇವನು ಒಪ್ಪುವುದಿಲ್ಲ. ಒಪ್ಪದಿದ್ದರೆ ಬೇಡ.

ಒಂದು ವಿಷಯ ಮಾತ್ರ ನಾನು ಓದಿದ ಯಾವ ವಿಮರ್ಶೆಯಲ್ಲೂ ಇರಲಿಲ್ಲ. ಸಫೈರ್ ಕತೆಯಲ್ಲಿ ಸಮುದ್ರ ದೊಡ್ಡದಾಗಬೇಕು ಅನ್ನುವ ಒಂದು ಗುಂಪು ಕಯೋಗರ್ ಎಂಬ ದೈತ್ಯನನ್ನು ಎಬ್ಬಿಸುತ್ತದೆ. ಮಳೆ ಶುರುವಾಗುತ್ತದೆ, ನಿಲ್ಲುವುದಿಲ್ಲ. ಊರವರು ಹೆದರುತ್ತಾರೆ. ನಾವು ಹೋಗಿ ಆ ದೈತ್ಯನನ್ನು ಸೋಲಿಸುತ್ತೇವೆ ಅಥವಾ ಹಿಡಿಯುತ್ತೇವೆ, ಬಿಸಿಲು ಬರುತ್ತದೆ, ಎಲ್ಲರೂ ಮೊದಲಿನ ಹಾಗೆ ಅದೇ ಜಾಗದಲ್ಲಿ ನಿಂತು ಅದೇ ಮಾತಾಡುತ್ತಾರೆ. ಚಿಕ್ಕವನಿದ್ದಾಗ ಇದರಲ್ಲಿ ಏನೂ ಕೊರತೆ ಕಾಣಲಿಲ್ಲ. 2018ರ ಆಗಸ್ಟ್ ಆದಮೇಲೆ ಮತ್ತೆ ಆಡಿದೆ. ಮಕ್ಕಂದೂರು, ಜೋಡುಪಾಲ, ಮಾದಾಪುರ ಕಡೆ ಗುಡ್ಡಗಳು ಜಾರಿದ್ದನ್ನು, ಜನ ಪರಿಹಾರ ಕೇಂದ್ರಗಳಲ್ಲಿ ಮಲಗಿದ್ದನ್ನು ನೋಡಿದ ಮೇಲೆ ಆ ಬಿಸಿಲು ಬರುವ ದೃಶ್ಯ ತೀರಾ ಸುಲಭ ಅನ್ನಿಸಿತು. ಮಳೆ ನಿಂತ ಮರುದಿನವೇ ಅಲ್ವಾ ಕಷ್ಟ ಶುರುವಾಗುವುದು? ಒಂದು ಮನೆಯ ಗೋಡೆಯಾದರೂ ಒದ್ದೆ ಇರಬೇಕಿತ್ತು. ಮಕ್ಕಳ ಆಟಕ್ಕೆ ಇಷ್ಟೆಲ್ಲ ಕೇಳಬಾರದು ಅನ್ನುತ್ತೀರಾ? ನೀರು ಜಾಸ್ತಿ ಅಂತ ಅಂಕ ಕಳೆಯಬಹುದಾದರೆ ಇದಕ್ಕೂ ಕಳೆಯಬಹುದು. ನಾನಾಗಿದ್ದರೆ ಪಟ್ಟಿಯಲ್ಲಿ ಇದನ್ನೇ ಮೊದಲು ಬರೆಯುತ್ತಿದ್ದೆ, ಆಮೇಲೆ ಟೆಂಟಕೂಲ್. ಅಂಕ ಅದೇ 7.8 ಬಂದರೂ ನನಗೆ ತಕರಾರಿಲ್ಲ.

ಕೊನೆಗೊಂದು ಸಹಾಯ ಬೇಕು. ನನ್ನ ಸಫೈರ್ ಕಾರ್ಟ್ರಿಜ್ ಒಳಗಿನ ಬ್ಯಾಟರಿ ಸತ್ತಿದೆ. ಆಟ ನಡೆಯುತ್ತದೆ, ಸೇವ್ ಕೂಡ ಆಗುತ್ತದೆ, ಗಡಿಯಾರ ಮಾತ್ರ ನಿಂತಿದೆ. ನೆಟ್ಟ ಬೆರ್ರಿ ಗಿಡ ಬೆಳೆಯುವುದಿಲ್ಲ, ಶೋಲ್ ಗುಹೆಯಲ್ಲಿ ಸಮುದ್ರದ ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಒಳಗಿರುವುದು ಸಿಆರ್1616, ಬೆಸುಗೆ ಹಾಕಿ ಕೂರಿಸಿದ್ದಾರೆ. ಮಡಿಕೇರಿಯಲ್ಲೋ ಮೈಸೂರಿನಲ್ಲೋ ಇದನ್ನು ಹಾಳು ಮಾಡದೆ ಬದಲಾಯಿಸಿ ಕೊಡುವವರು ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ.