ಯಾರ ಹತ್ತಿರವಾದರೂ ಸ್ಕ್ರೂಡ್ರೈವರ್ ಇದೆಯೇ?

ಬಂಧುಗಳ ಮನೆಯ ಮದುವೆ. ಮುಹೂರ್ತಕ್ಕೆ ಇನ್ನು ಮುಕ್ಕಾಲು ಗಂಟೆ ಇದೆ ಎನ್ನುವಾಗ ಛತ್ರದ ಮೊದಲ ಮಹಡಿಯ ಬಚ್ಚಲಿಗೆ ಹೋದ ಮದುವೆ ಗಂಡಿನ ಸೋದರಮಾವ ಹೊರಗೆ ಬರಲಿಲ್ಲ. ಬಾಗಿಲಿನ ಗುಂಡು ಹಿಡಿ ಎಷ್ಟು ಬೇಕಾದರೂ ತಿರುಗುತ್ತಿತ್ತು, ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಒಳಗಿನಿಂದ ಅವರು ಗುದ್ದುತ್ತಿದ್ದರು, ಹೊರಗಿನಿಂದ ನಾವು ಗುದ್ದುತ್ತಿದ್ದೆವು. ಆಗ ಯಾರೋ ಕೂಗಿದರು: “ಯಾರ ಹತ್ತಿರವಾದರೂ ಸ್ಕ್ರೂಡ್ರೈವರ್ ಇದೆಯೇ?”

ನೆರೆದಿದ್ದ ಗಂಡಸರೆಲ್ಲ ಜೇಬು ತಟ್ಟಿಕೊಂಡರು. ಜೇಬಿನಲ್ಲಿ ಸ್ಕ್ರೂಡ್ರೈವರ್ ಇಲ್ಲವೆಂಬುದು ಪ್ರತಿಯೊಬ್ಬರಿಗೂ ಗೊತ್ತು. ಆದರೂ, ಅಯ್ಯೋ, ದಿನವೂ ಇರುತ್ತದೆ, ಈ ದಿನವೇ ಮರೆತು ಬಂದೆನಲ್ಲ ಎನ್ನುವ ಮುಖ ಮಾಡಿಕೊಂಡು ತಟ್ಟಿಕೊಂಡರು. ನಾನು ರೇಷ್ಮೆ ಪಂಚೆ ಉಟ್ಟಿದ್ದೆ. ಪಂಚೆಗೆ ಜೇಬಿರುವುದಿಲ್ಲ. ನಾನೂ ತಟ್ಟಿಕೊಂಡೆ.

ಕೊನೆಗೆ ಅಡುಗೆಯವರ ಹುಡುಗನೊಬ್ಬ ದೋಸೆ ಮಗುಚುವ ಸಟ್ಟುಗ ಹಿಡಿದುಕೊಂಡು ಮೇಲೆ ಬಂದ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಅದನ್ನು ತೂರಿಸಿ, ಬೀಗದ ನಾಲಿಗೆಯನ್ನು ಹಿಂದಕ್ಕೆ ತಳ್ಳಿದ. ಬಾಗಿಲು ತೆರೆಯಿತು. ಸೋದರಮಾವನವರು ಅವನ ಕೈಗೆ ನೂರರ ನೋಟು ತುರುಕಿದರು. ಅಷ್ಟೂ ಹೊತ್ತು ಬಾಗಿಲು ಗುದ್ದಿ ಕೈ ನೋಯಿಸಿಕೊಂಡಿದ್ದ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಇನ್ನು ಮುಂದೆ ನನ್ನ ಜೇಬು ಖಾಲಿ ಇರಕೂಡದೆಂದು ಅಂದೇ ಊಟದ ಪಂಕ್ತಿಯಲ್ಲಿ ಕುಳಿತು ತೀರ್ಮಾನಿಸಿದೆ.

ಮಲ್ಟಿಟೂಲ್ ಎಂಬ ವಸ್ತು ಲೋಕದಲ್ಲಿ ಇದೆಯೆಂದು ತಿಳಿದದ್ದು ಆ ಮೇಲೆ. ಚಾಕು, ಕತ್ತರಿ, ಅರ, ಸ್ಕ್ರೂಡ್ರೈವರ್, ಇಕ್ಕಳ ಎಲ್ಲವೂ ಒಂದೇ ಹಿಡಿಯೊಳಗೆ ಮಡಚಿಕೊಂಡು, ಕೂಡು ಕುಟುಂಬದ ಹಾಗೆ ಒತ್ತಿಕೊಂಡು ಬದುಕುವ ಸಾಧನ. “ಒಂದು ವಾರದಲ್ಲಿ ನೋಡಿ ಒಂದನ್ನು ಕೊಂಡುಬಿಡುತ್ತೇನೆ” ಎಂದು ಹೆಂಡತಿಗೆ ಹೇಳಿದೆ. ನಾಲ್ಕು ತಿಂಗಳು ಹಿಡಿಯಿತು. ಇದರಲ್ಲಿ ನಾನು ಒಬ್ಬಂಟಿಯಲ್ಲ. ಅಮೆರಿಕದ ಟಿಮ್ ಲೆದರ್‌ಮನ್ ಎಂಬಾತ 1975ರಲ್ಲಿ ಹೆಂಡತಿಯೊಡನೆ ಹಳೆಯದೊಂದು ಫಿಯೆಟ್ ಕಾರಿನಲ್ಲಿ ಯೂರೋಪು ಸುತ್ತಿದ. ದಾರಿಯುದ್ದಕ್ಕೂ ಕಾರು ಕೈಕೊಡುತ್ತಿತ್ತು, ಹೋಟೆಲುಗಳ ನಲ್ಲಿ ಸೋರುತ್ತಿತ್ತು. ಜೇಬಿನಲ್ಲಿದ್ದ ಚಾಕುವಿಗೆ ಒಂದು ಇಕ್ಕಳವೂ ಇದ್ದಿದ್ದರೆ ಎಂದು ಅವನಿಗೆ ಅನ್ನಿಸಿದ್ದು ಆಗ. ಊರಿಗೆ ಮರಳಿದವನು ಒಂದು ತಿಂಗಳಲ್ಲಿ ಮಾಡಿ ಮುಗಿಸುತ್ತೇನೆಂದು ಹೆಂಡತಿಗೆ ಹೇಳಿದನಂತೆ. ಅವನ ಇಕ್ಕಳ ಮಾರಾಟವಾದದ್ದು 1983ರಲ್ಲಿ. ಈ ಪ್ರಸಂಗವನ್ನು ಇವಳಿಗೆ ಉತ್ಸಾಹದಿಂದ ಹೇಳಿದೆ. “ಆತ ಕೊನೆಗೆ ಏನನ್ನಾದರೂ ಮಾಡಿದನಲ್ಲ” ಎಂದಳು.

ಓದುತ್ತಾ ಹೋದರೆ ಅದೊಂದು ಪುರಾಣ. ಸ್ವಿಸ್ ಸೈನಿಕರಿಗೆ ಮಡಚುವ ಚಾಕು ಕೊಡುವ ಯೋಚನೆ ಹುಟ್ಟಿದ್ದೇ ಡಬ್ಬಿಯ ಆಹಾರ ತೆರೆಯಲು ಮತ್ತು ಆಗ ತಾನೇ ಬಂದಿದ್ದ 1889ರ ಬಂದೂಕನ್ನು ಬಿಚ್ಚಿ ಜೋಡಿಸಲು. ಆ ಬಂದೂಕಿಗೆ ಸ್ಕ್ರೂಡ್ರೈವರ್ ಬೇಕಿತ್ತು. ಅಂದರೆ ಅಲ್ಲಿಯೂ ಯಾರೋ ಒಬ್ಬರು ಅದೇ ಪ್ರಶ್ನೆ ಕೂಗಿರಬೇಕು, ಪಡೆಯೆಲ್ಲ ಜೇಬು ತಟ್ಟಿಕೊಂಡಿರಬೇಕು. ಮೊದಲ ಚಾಕುಗಳು 1891ರಲ್ಲಿ ಬಂದದ್ದು ಜರ್ಮನಿಯಿಂದ. ಇದು ಸ್ವಿಟ್ಜರ್ಲೆಂಡಿನ ಈಬಾಖ್ ಎಂಬ ಊರಿನಲ್ಲಿ 1884ರಿಂದ ಚಾಕು ಮಾಡುತ್ತಿದ್ದ ಕಾರ್ಲ್ ಎಲ್ಸೆನರ್‌ಗೆ ಸರಿಬರಲಿಲ್ಲ. ಆ ಕೆಲಸವನ್ನು ತನ್ನ ನಾಡಿಗೆ ತಂದುಕೊಂಡ. ಆಮೇಲೆ ಒಂದೇ ಸ್ಪ್ರಿಂಗಿನ ಎರಡು ತುದಿಯಲ್ಲೂ ಅಲಗುಗಳನ್ನು ಕೂರಿಸಿ, ಹಗುರವಾಗಿಯೂ ಹೆಚ್ಚು ಸಾಧನಗಳಿರುವಂತೆಯೂ ಅಧಿಕಾರಿಗಳ ಚಾಕುವೊಂದನ್ನು ರೂಪಿಸಿ 1897ರಲ್ಲಿ ನೋಂದಾಯಿಸಿದ. ಅದರಲ್ಲಿ ಕಾರ್ಕ್ ತೆಗೆಯುವ ತಿರುಪು ಇತ್ತು. ಯುದ್ಧಕ್ಕೆ ಇದು ಅಗತ್ಯವೆಂದು ಸೈನ್ಯ ಒಪ್ಪಲಿಲ್ಲ. ಅಧಿಕಾರಿಗಳು ಸ್ವಂತ ಖರ್ಚಿನಲ್ಲಿ ಕೊಂಡುಕೊಂಡರು. ಅಗತ್ಯವಿಲ್ಲದ್ದನ್ನು ಸ್ವಂತ ಖರ್ಚಿನಲ್ಲಿ ಕೊಳ್ಳುವ ನನ್ನಂಥವರ ವಂಶ ಬಹುಶಃ ಅಲ್ಲಿಂದಲೇ ಆರಂಭವಾಯಿತು.

ಇಷ್ಟೆಲ್ಲ ಓದಿಕೊಂಡ ಮೇಲೆ ನಾನು ಮೊದಲು ಕೊಂಡದ್ದು ಪಾದಚಾರಿ ಮಾರ್ಗದ ಮೇಲೆ ಟಾರ್ಪಾಲು ಹಾಸಿ ಮಾರುತ್ತಿದ್ದವನಿಂದ, 250 ರೂಪಾಯಿಗೆ. ಹದಿನೆಂಟು ಕೆಲಸ ಮಾಡುತ್ತದೆಂದು ಅವನು ಹೇಳಿದ. ಹತ್ತೊಂಬತ್ತನೆಯ ಕೆಲಸವನ್ನು ಮನೆಗೆ ಬಂದ ಮೇಲೆ ಕಂಡುಕೊಂಡೆ: ತಾನಾಗಿಯೇ ಬಿಚ್ಚಿಕೊಳ್ಳುವುದು. ಅದರ ತಿರುಪುಗಳನ್ನು ಬಿಗಿ ಮಾಡಲು ಒಂದು ಸ್ಕ್ರೂಡ್ರೈವರ್ ಬೇಕಾಯಿತು. ಅದರಲ್ಲಿದ್ದ ಸ್ಕ್ರೂಡ್ರೈವರ್ ಅಷ್ಟು ಹೊತ್ತಿಗೆ ಬಾಗಿತ್ತು.

ಎರಡನೆಯದರಲ್ಲಿ ಜಿಪುಣತನ ಮಾಡಲಿಲ್ಲ. ದೊಡ್ಡ ಇಕ್ಕಳದ್ದು, ಉಕ್ಕಿನದ್ದು, ತೂಕ ಹೆಚ್ಚುಕಡಿಮೆ ಕಾಲು ಕಿಲೋ. ಕಾಲು ಕಿಲೋ ಎಂಬುದು ಬೀನ್ಸ್ ಕೊಳ್ಳುವಾಗ ಏನೂ ಅಲ್ಲ, ಪ್ಯಾಂಟಿನ ಬಲಜೇಬಿನಲ್ಲಿಟ್ಟು ನಡೆದಾಗ ಅದರ ಗಾತ್ರ ತಿಳಿಯುತ್ತದೆ. ನಡೆದಾಗಲೆಲ್ಲ ತೊಡೆಗೆ ಗಂಟೆ ಹೊಡೆದಂತೆ ಬಡಿಯುತ್ತಿತ್ತು. ಪ್ಯಾಂಟು ಬಲಕ್ಕೆ ಜಗ್ಗಿ, ನಾನು ಎಡಕ್ಕೆ ವಾಲಿ, ಒಂದು ವಾರದಲ್ಲಿ ಕಚೇರಿಯವರು ಸೊಂಟನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ಹೇಳಲಾರಂಭಿಸಿದರು. ಸರಿ, ಬೆಲ್ಟಿಗೆ ತೂಗುಹಾಕುವ ಚರ್ಮದ ಚೀಲ ಕೊಟ್ಟಿದ್ದರಲ್ಲ, ಅದನ್ನೇ ಕಟ್ಟಿಕೊಂಡೆ. ಲಿಫ್ಟಿನಲ್ಲಿ ಸಿಕ್ಕ ಅಪರಿಚಿತ ಮಹಿಳೆಯೊಬ್ಬರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಮೂರನೆಯ ಮಹಡಿಯ ಕೇಬಲ್ ಎರಡು ದಿನದಿಂದ ಬರುತ್ತಿಲ್ಲ, ನಿಮ್ಮವರಿಗೆ ಎಷ್ಟು ಸಲ ಹೇಳುವುದು?” ಎಂದು ರೇಗಿದರು. ಅದನ್ನು ಭಾವಮೈದನಿಗೆ ಕೊಟ್ಟುಬಿಟ್ಟೆ. ಅವನು ಅದರಿಂದ ಗೋಡೆಗೆ ಮೊಳೆ ಹೊಡೆಯುತ್ತಾನೆ. ಹದಿನೇಳು ಸಾಧನಗಳಿರುವ ವಸ್ತುವಿನಲ್ಲಿ ಇಲ್ಲದ ಹದಿನೆಂಟನೆಯದನ್ನು ಹುಡುಕಿ ತೆಗೆದವನು ಅವನೊಬ್ಬನೇ.

ಹಾಗಾಗಿ ಮೂರನೆಯದು ಚಿಕ್ಕದು. ಮಡಚಿದರೆ 58 ಮಿಲಿಮೀಟರ್, ನನ್ನ ಕಿರುಬೆರಳಿನಷ್ಟು. ಬೀಗದ ಕೈಗಳ ಗೊಂಚಲಿನಲ್ಲಿ ಇದ್ದದ್ದೇ ತಿಳಿಯದು. ಒಂದು ಅಲಗು, ಒಂದು ಉಗುರು ಅರ, ಕತ್ತರಿ, ಚಿಮಟ, ಹಲ್ಲುಕಡ್ಡಿ. ಆದರೆ ಈ ಅಲಗುಗಳನ್ನು ಎಬ್ಬಿಸಲು ಬೆನ್ನಿನ ಮೇಲಿರುವ ಸಣ್ಣ ಗುಳಿಗೆ ಉಗುರು ಕೊಟ್ಟು ಎಳೆಯಬೇಕು. ನಾನು ಎರಡನೆಯ ತರಗತಿಯಿಂದ ಉಗುರು ಕಚ್ಚುವವನು. ಬೇವಿನೆಣ್ಣೆ ಹಚ್ಚಿ ನೋಡಿದ ಅಮ್ಮ ಸೋತು ಕೈಬಿಟ್ಟ ಚಾಳಿ. ಹೀಗಾಗಿ ನನ್ನ ಉಪಕರಣವನ್ನು ತೆರೆಯಲು ನನಗೆ ಒಂದು ರೂಪಾಯಿಯ ನಾಣ್ಯ ಬೇಕಾಗುತ್ತಿತ್ತು. ಜನ ಈಗ ಚಿಲ್ಲರೆ ಇಟ್ಟುಕೊಳ್ಳುವುದೂ ಇಲ್ಲ. ಕೊರಿಯರ್ ಹುಡುಗನ ಮುಂದೆ ಪೊಟ್ಟಣದ ಟೇಪು ಕತ್ತರಿಸಲು ಹೊರಟು, “ಒಂದು ರೂಪಾಯಿ ಇದೆಯೇನಪ್ಪ?” ಎಂದು ಅವನನ್ನೇ ಕೇಳಿದೆ. ಅವನು ಫೋನಿನಲ್ಲಿ ಕಳುಹಿಸಲೇ ಎಂದ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಇಂಥ ಸಣ್ಣ ಚಾಕುಗಳ ಅಲಗಿಗೆ ಬೀಗವಿರುವುದಿಲ್ಲ. ಸ್ಪ್ರಿಂಗಿನ ಒತ್ತಡವಷ್ಟೇ ಅದನ್ನು ನಿಲ್ಲಿಸಿರುತ್ತದೆ. ಎಳೆದು ಕತ್ತರಿಸಿದರೆ ತೊಂದರೆಯಿಲ್ಲ. ತುದಿಯನ್ನು ಯಾವುದಕ್ಕಾದರೂ ಚುಚ್ಚಿ ಒತ್ತಿದಿರೋ, ಅದು ತನ್ನ ಮನೆಗೆ ಮರಳಲು ಹೊರಡುತ್ತದೆ, ದಾರಿಯಲ್ಲಿ ಬೆರಳು ಇದ್ದರೆ ಅದನ್ನೂ ಕರೆದುಕೊಂಡು. ಹೊಟ್ಟೆ ಬೆಳೆದ ಕಾರಣ ಬೆಲ್ಟಿಗೆ ಹೊಸ ತೂತು ಕೊರೆಯಲು ಹೋಗಿ ಈ ತತ್ತ್ವವನ್ನು ಅರಿತೆ. ರಕ್ತ ತೊಟ್ಟಿಕ್ಕುವ ಬೆರಳನ್ನು ಮೇಲೆತ್ತಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಅದೇ ಉಪಕರಣದ ಕತ್ತರಿ ತೆಗೆದು ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ಕತ್ತರಿಸಿದೆ. ಬಹಳ ಚೆನ್ನಾಗಿ ಕತ್ತರಿಸಿತು.

ನನ್ನ ಅಜ್ಜನ ಉಡಿದಾರದಲ್ಲಿ ಒಂದು ಹಿತ್ತಾಳೆಯ ಉಂಗುರವಿತ್ತು. ಅದರಲ್ಲಿ ಮುಳ್ಳು ಕೀಳುವ ಚಿಮಟ, ಮುಳ್ಳನ್ನು ಕೆದಕಿ ಎಬ್ಬಿಸುವ ಸೂಜಿ, ಕಿವಿಯ ಗುಗ್ಗೆ ತೆಗೆಯುವ ಪುಟ್ಟ ಸೌಟು, ಮೂರೇ. ಎಲೆಯಡಿಕೆ ಚೀಲದಲ್ಲಿ ಅಡಕತ್ತರಿ ಬೇರೆ. ತೋಟದಲ್ಲಿ ಯಾರ ಕಾಲಿಗೆ ಮುಳ್ಳು ಚುಚ್ಚಿದರೂ ಅಜ್ಜನ ಬಳಿಗೆ ಕುಂಟಿಕೊಂಡು ಬರುತ್ತಿದ್ದರು. ಅವರು ಯಾವುದನ್ನು ಆರಿಸಬೇಕೆಂದು ನಾಲ್ಕು ತಿಂಗಳು ಕುಳಿತವರಲ್ಲ. ಸಂತೆಯಲ್ಲಿ ಇದ್ದದ್ದೇ ಒಂದು ಬಗೆ. ನನ್ನ ಮುಂದೆ ನೂರು ಬಗೆಗಳಿದ್ದವು, ಮುಳ್ಳು ಚುಚ್ಚಿಸಿಕೊಂಡು ಬರುವವರು ಮಾತ್ರ ಒಬ್ಬರೂ ಇರಲಿಲ್ಲ. ಎಲ್ಲರೂ ಚಪ್ಪಲಿ ಹಾಕಿಕೊಂಡಿದ್ದರು.

ಜನ ಬರದಿದ್ದರೆ ನಾವೇ ಹೋಗಬೇಕಷ್ಟೆ. ಯಾರ ಮನೆಗೆ ಹೋದರೂ ನನ್ನ ಕಣ್ಣು ಕುಕ್ಕರಿನ ಹಿಡಿ, ಕಪಾಟಿನ ಕೀಲು, ಸ್ವಿಚ್ ಬೋರ್ಡುಗಳ ಮೇಲೆ ಓಡಾಡತೊಡಗಿತು. ನಾದಿನಿಯ ಮನೆಯಲ್ಲಿ ಕಾಫಿ ಬರುವುದರೊಳಗೆ ಟಿವಿಯ ರಿಮೋಟಿನ ಹಿಂಬದಿಯನ್ನು ಬಿಚ್ಚಿದೆ. ಏನೂ ಕೆಟ್ಟಿರಲಿಲ್ಲ, ಒಂದು ತಿರುಪು ಸ್ವಲ್ಪ ಮೇಲೆದ್ದಂತೆ ಕಂಡಿತ್ತು. ಮತ್ತೆ ಜೋಡಿಸಿದ ಮೇಲೆ ಒಂದು ಸ್ಪ್ರಿಂಗ್ ಉಳಿಯಿತು. ಅದನ್ನು ಜೇಬಿಗೆ ಹಾಕಿಕೊಂಡು ಕಾಫಿ ಚೆನ್ನಾಗಿದೆ ಎಂದೆ. ಆ ಮನೆಯಲ್ಲಿ ಈಗ ಸೋಫಾದಿಂದ ಎದ್ದು ಹೋಗಿ ಚಾನೆಲ್ ಬದಲಾಯಿಸುತ್ತಾರೆ.

ಆ ಪುಟ್ಟ ಚಾಕು ಹೋದದ್ದು ವಿಮಾನ ನಿಲ್ದಾಣದಲ್ಲಿ. ಚಾಕುವನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ, ಸರಕಿನ ಪೆಟ್ಟಿಗೆಗೆ ಹಾಕಬೇಕು ಎಂಬುದು ಗೊತ್ತಿತ್ತು. ಅದು ಗೊಂಚಲಿನಲ್ಲಿ ಇದೆಯೆಂಬುದೇ ಮರೆತಿತ್ತು. ಇದ್ದದ್ದೇ ತಿಳಿಯದಷ್ಟು ಚಿಕ್ಕದೆಂದಲ್ಲವೇ ಅದನ್ನು ಆರಿಸಿದ್ದು! ಎಕ್ಸ್‌ರೇ ಯಂತ್ರಕ್ಕೆ ಮಾತ್ರ ತಕ್ಷಣ ತಿಳಿಯಿತು. ಭದ್ರತೆಯವರು ಅದನ್ನು ಡಬ್ಬಿಗೆ ಹಾಕುವ ಮೊದಲು ಸುಮ್ಮನೆ ಅಲಗು ತೆರೆದು ನೋಡಿದರು. ಒಂದೇ ಸಲಕ್ಕೆ ತೆರೆಯಿತು. ಒಳ್ಳೆಯ ಉಗುರಿನ ಮನುಷ್ಯ.

ಊರಿಗೆ ಬಂದು ಯಾರಿಗೂ ಹೇಳದೆ ನಾಲ್ಕನೆಯದನ್ನು ತರಿಸಿದೆ. ಈ ಸಲ 91 ಮಿಲಿಮೀಟರಿನದು, ಜೇಬಿಗೆ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಕಾರ್ಕ್ ತೆಗೆಯುವ ತಿರುಪು ಇರುವುದನ್ನೇ ಹುಡುಕಿ ಕೊಂಡೆ. ನಮ್ಮ ಮನೆಯಲ್ಲಿ ಕಾರ್ಕ್ ಇರುವ ಬಾಟಲಿ ಯಾವ ಕಾಲಕ್ಕೂ ಇರಲಿಲ್ಲ, ಆದರೆ ಆ ತಿರುಪಿನ ಸುರುಳಿಯೊಳಗೆ ಕನ್ನಡಕದ ಸ್ಕ್ರೂ ಬಿಗಿಮಾಡುವ ಎಳ್ಳುಕಾಳಿನ ಮೂತಿಯ ಸ್ಕ್ರೂಡ್ರೈವರ್ ಒಂದನ್ನು ತಿರುಗಿಸಿ ಕೂರಿಸಬಹುದು. ಎಂಥ ಬುದ್ಧಿವಂತಿಕೆ! ಮೇಜಿನ ಮೇಲಿದ್ದ ಅದನ್ನು ಇವಳು ಎತ್ತಿ ತಿರುಗಿಸಿ ನೋಡಿದಳು. “ಏನ್ರೀ, ಇದು ಬೆಳೆದಿದೆಯಲ್ಲ?” ಎಂದಳು. ಬೇಸಿಗೆಗೆ ಲೋಹ ಹಿಗ್ಗುತ್ತದೆ ಎಂದೆ.

ಆಯುಧ ಪೂಜೆಯ ದಿನ ಇವಳೇ ಅದನ್ನು ಕೇಳಿ ಪಡೆದು, ಈಳಿಗೆ ಮಣೆ, ಹೊಲಿಗೆ ಯಂತ್ರದ ಕತ್ತರಿ, ಸ್ಕೂಟರಿನ ಕೀಲಿಕೈಗಳ ಪಕ್ಕದಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಇಟ್ಟಳು. ನನಗೆ ಗಂಟಲು ಕಟ್ಟಿತು. ತರಕಾರಿ ಹೆಚ್ಚುವ ಚಾಕುವನ್ನು ಮಾತ್ರ ಪೂಜೆಗೆ ಇಟ್ಟಿರಲಿಲ್ಲ. ಏಕೆಂದರೆ, “ಅದಕ್ಕೆ ರಾತ್ರಿ ಕೆಲಸವಿದೆ.”

ಅದೇ ಸಂಜೆ ಏಳು ಗಂಟೆಗೆ ಎದುರು ಮನೆಯ ಅಜ್ಜಿ ಕನ್ನಡಕವನ್ನು ಎರಡು ತುಂಡಾಗಿ ಅಂಗೈಯಲ್ಲಿ ಹಿಡಿದುಕೊಂಡು ಬಂದರು. ಕಡ್ಡಿಯ ಸ್ಕ್ರೂ ಬಿಚ್ಚಿಕೊಂಡಿತ್ತು, ಸ್ಕ್ರೂ ಕೂಡ ಕಳೆಯದೆ ಕಾಗದದಲ್ಲಿ ಸುತ್ತಿ ತಂದಿದ್ದರು. ಎಳ್ಳುಕಾಳಿನ ಮೂತಿಯ ಸ್ಕ್ರೂಡ್ರೈವರ್ ಹುಟ್ಟಿದ್ದೇ ಈ ಗಳಿಗೆಗೆ. ನಾನು ದೇವರ ಕೋಣೆಗೆ ಓಡಿದೆ.

“ಪೂಜೆಗಿಟ್ಟದ್ದನ್ನು ಕದಲಿಸಬೇಡಿ. ನಾಳೆ ವಿಜಯದಶಮಿ, ಬೆಳಿಗ್ಗೆ ತೆಗೆದುಕೊಳ್ಳಿ” ಎಂದಳು ಇವಳು.

“ಪಾಪ, ಅಜ್ಜಿಗೆ ಕಣ್ಣು ಕಾಣುವುದಿಲ್ಲವಲ್ಲೇ!”

“ಬೇಡಪ್ಪ, ಬೇಡ, ನನಗಾಗಿ ಪೂಜೆ ಕೆಡಿಸಬೇಡ” ಎಂದು ಅಜ್ಜಿಯೇ ನಡುವೆ ಬಂದರು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನೊಂದನ್ನು ಬಿಡಿಸಿ, ತಡವಿಕೊಂಡೇ ಕೀಲಿನ ತೂತಿಗೆ ತೂರಿಸಿ, ಮಡಚಿ, ಕನ್ನಡಕವನ್ನು ಮೂಗಿನ ಮೇಲೇರಿಸಿ ನನ್ನನ್ನು ನೋಡಿದರು. “ಇಳಿದುಹೋಗಿದ್ದೀಯಲ್ಲೋ” ಎಂದರು. ಮರುದಿನ ಬೆಳಿಗ್ಗೆ ಆರಕ್ಕೇ ಚಾಕು ಹಿಡಿದು ಅವರ ಮನೆಗೆ ಹೋದೆ. ಪಿನ್ನು ಗಟ್ಟಿಯಾಗಿದೆ, ಹಾಗೇ ಇರಲಿ ಎಂದರು.

ಕುಂಕುಮ ಮಾತ್ರ ಕೀಲುಗಳೊಳಗೆ ಇಳಿದುಬಿಟ್ಟಿತ್ತು. ಬೆಚ್ಚಗಿನ ನೀರಿನಲ್ಲಿ ತೊಳೆದು, ಒಣಗಿಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಡಬೇಕು. ಕೈಗೆ ಸಿಕ್ಕಿದ್ದು ಕೊಬ್ಬರಿ ಎಣ್ಣೆ. ಚಳಿ ಶುರುವಾದ ಮೇಲೆ ಅದು ಒಳಗೇ ಹೆಪ್ಪುಗಟ್ಟಿ, ನಾಣ್ಯಕ್ಕೂ ಅಲಗು ಏಳದಂತಾಯಿತು. ಆದರೂ ಜೇಬಿನಿಂದ ತೆಗೆಯಲಿಲ್ಲ.

ಕಾರ್ತಿಕದಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶ. ಹೊಸ ಮನೆಯ ಹಿತ್ತಿಲ ಬಾಗಿಲಿನ ಚಿಲಕ ಚೌಕಟ್ಟಿಗೆ ಕೂರುತ್ತಿಲ್ಲ. ಹೋಮದ ಹೊಗೆಯ ನಡುವಿನಿಂದ ಆ ಕೂಗು ಕೇಳಿಯೇಬಿಟ್ಟಿತು: “ಯಾರ ಹತ್ತಿರವಾದರೂ ಸ್ಕ್ರೂಡ್ರೈವರ್ ಇದೆಯೇ?” ಎಲ್ಲ ಗಂಡಸರೂ ಜೇಬು ತಟ್ಟಿಕೊಂಡರು. ನಾನು ತಟ್ಟಿಕೊಳ್ಳಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಬಂದು, “ಸ್ವಲ್ಪ ದಾರಿ ಬಿಡಿ” ಎಂದು, ನಿಧಾನವಾಗಿ ಕೈಯನ್ನು ಜೇಬಿಗಿಳಿಸಿದೆ. ಕರವಸ್ತ್ರ, ಮನೆಯ ಬೀಗದ ಕೈ, ನಾದಿನಿಯ ಮನೆಯ ಸ್ಪ್ರಿಂಗ್. ಆಮೇಲೆ ನಾನೂ ತಟ್ಟಿಕೊಂಡೆ, ಎರಡೂ ಕಡೆ.

ಬೂದು ಬಣ್ಣದ ಪ್ಯಾಂಟಿನಲ್ಲಿತ್ತು. ಅದು ಹಿಂದಿನ ದಿನ ಇಸ್ತ್ರಿಗೆ ಹೋಗಿತ್ತು. ಬರುವಾಗ ರಸ್ತೆಯ ತಿರುವಿನಲ್ಲಿರುವ ತಳ್ಳುಗಾಡಿಯ ಬಳಿ ನಿಂತೆ. ಇಸ್ತ್ರಿಯವನು ಬಟ್ಟೆಯ ಕಟ್ಟಿನ ಮೇಲಿಂದ ಚಾಕುವನ್ನು ಎತ್ತಿ ಕೊಟ್ಟ.

“ನಿಮ್ಮ ಜೇಬಿನಲ್ಲಿತ್ತು ಸಾರ್. ನನ್ನ ಪೆಟ್ಟಿಗೆಯ ಮರದ ಹಿಡಿ ಒಂದು ವರ್ಷದಿಂದ ಅಲುಗಾಡುತ್ತಿತ್ತು. ಇದರಲ್ಲೇ ಬಿಗಿ ಮಾಡಿಕೊಂಡೆ, ಈಗ ಕಲ್ಲಿನಂತೆ ನಿಂತಿದೆ.” ಹಿಡಿಯನ್ನು ಅಲ್ಲಾಡಿಸಿ ತೋರಿಸಿದ. ಒಳಗಿನ ಕೆಂಡ ಕೂಡ ಕದಲಲಿಲ್ಲ.

“ನಿನಗೆ ಅದು ತೆರೆಯಿತೇ?”

“ಬಿಸಿ ಪೆಟ್ಟಿಗೆಯ ಪಕ್ಕ ಇಟ್ಟೆ, ಸಲೀಸಾಗಿ ತೆರೆಯಿತು. ಆದರೆ ಬೇರೆ ಎಣ್ಣೆ ಹಾಕಿ ಸಾರ್, ಒಳಗೆಲ್ಲ ಕುಂಕುಮ ಹಿಡಿದಿದೆ.”