ಎರಡು ಪಿಡಿಎಫ್ ಕೂಡಿಸೋಕೆ ಒಂದು ಭಾನುವಾರ

ಹೆಂಡತಿ ಕೇಳಿದ್ದು ಇಷ್ಟೇ: "ರೀ, ಸೊಸೈಟಿ ಮೀಟಿಂಗಿಗೆ ಈ ಎರಡು ಪಿಡಿಎಫ್ ಕೂಡಿಸಿ ಕೊಡ್ರಿ." ನನ್ನ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಅಲ್ಲಿಗೆ ಭಾನುವಾರ ಮುಗಿಯಿತು.

ಸಾಫ್ಟ್‌ವೇರ್ ಸೆಂಟರ್, ಅಂದರೆ ಲಿನಕ್ಸಿನ ಆಪ್ ಅಂಗಡಿ ತೆರೆದೆ. ಪಿಡಿಎಫ್ ಕೂಡಿಸುವ ಒಂದೇ ಆಪ್, ಮೂರು ಬಗೆಯ ಪ್ಯಾಕೆಟ್ಟಿನಲ್ಲಿ ಮೂರು ಸಲ ಕಾಣಿಸಿತು. ಒಂದು ಡೆಬ್, ಒಂದು ಸ್ನ್ಯಾಪ್, ಒಂದು ಫ್ಲಾಟ್‌ಪ್ಯಾಕ್. ಮೂರಕ್ಕೂ ಬೇರೆ ಬೇರೆ ವರ್ಷನ್. ತ್ರಿವಳಿ ಮಕ್ಕಳನ್ನಾದರೂ ಮಚ್ಚೆ ನೋಡಿ ಗುರುತಿಸಬಹುದು, ಇವನ್ನು ಹೇಗೆ? ಫ್ಲಾಟ್‌ಪ್ಯಾಕ್ ಒತ್ತಿದೆ. ಪುಟಾಣಿ ಆಪ್ ಜೊತೆಗೆ, ಅದು ಓಡೋಕೆ ಬೇಕಾದ ರನ್‌ಟೈಮ್ ಅಂತ ನೂರಾರು ಎಂಬಿಯ ದಿಬ್ಬಣವೇ ಇಳಿಯತೊಡಗಿತು. ಅಷ್ಟರಲ್ಲಿ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಹೋಗಿ, ವಡಾಪಾವ್ ತಿಂದು, ವಾಪಸ್ ಬರಬಹುದಿತ್ತು. ಇಷ್ಟಾಗಿ ಅದಕ್ಕೆ ಪೆನ್‌ಡ್ರೈವಿನ ಫೈಲೇ ಕಾಣಲ್ಲ! ಭದ್ರತೆಗೆ ಗೋಡೆ ಕಟ್ಟಿದ್ದಾರಂತೆ. ನನ್ನ ಫೈಲಿಗೆ ನಾನೇ ಕಳ್ಳನಾ?

ಇನ್‌ಸ್ಟಾಲ್ ಮಾಡದೆಯೇ ಓಡುವ ಇನ್ನೊಂದು ಬಗೆಯ ಪ್ಯಾಕೆಟ್, ಆಪ್‌ಇಮೇಜ್ ತಂದೆ. ಡಬಲ್ ಕ್ಲಿಕ್ ಮಾಡಿದರೆ ಗಪ್‌ಚುಪ್. ಎಕ್ಸಿಕ್ಯೂಟ್ ಪರ್ಮಿಷನ್, ಅಂದರೆ ಓಡೋಕೆ ಅಪ್ಪಣೆ ಕೊಡಬೇಕಿತ್ತಂತೆ. ಕೊಟ್ಟೆ. ಆಗ ಫ್ಯೂಸ್ ಲೈಬ್ರರಿ ಅಂತ ಯಾವುದೋ ಸಹಾಯಕ ಸಾಫ್ಟ್‌ವೇರ್ ಇಲ್ಲ ಎಂದಿತು. ಮನೆಯ ಫ್ಯೂಸ್ ಹೋದರೆ ಎಲೆಕ್ಟ್ರಿಷಿಯನ್ ಬರುತ್ತಾನೆ, ಇದಕ್ಕೆ ಯಾರನ್ನು ಕರೆಯಲಿ?

ಕೊನೆಗೆ ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ. ಆಪ್ ಹಾಕಿಕೊಡು ಎಂಬ ಆಜ್ಞೆ, ಸುಡೋ ಆಪ್ಟ್ ಇನ್‌ಸ್ಟಾಲ್ ಎಂದರೆ, ಒಂದು ಸಲಕ್ಕೆ ಒಬ್ಬರೇ ಇನ್‌ಸ್ಟಾಲ್ ಮಾಡಲೆಂದು ಇರುವ ಲಾಕ್ ಸಿಗಲಿಲ್ಲ, ಬೇರೆ ಯಾರೋ ಹಿಡಿದುಕೊಂಡಿದ್ದಾರೆ ಅಂತ ಉತ್ತರ. ಯಾರಪ್ಪ ಅದು? ಮನೆಯಲ್ಲಿ ಇರೋದೇ ಇಬ್ಬರು! ಅದರಲ್ಲಿ ಒಬ್ಬಳು ಆಗಲೇ ಕೆಳಗಿನ ಝೆರಾಕ್ಸ್ ಅಂಗಡಿಗೆ ಹೋಗಿ, ಹತ್ತು ರೂಪಾಯಿ ಕೊಟ್ಟು ಕೂಡಿಸಿಕೊಂಡು ಬಂದಿದ್ದಳು.