ಗಾಳಿಗೆ ಬಿದ್ದ ಕಂಬ

ನಮ್ಮ ಜಿಲ್ಲೆಯಲ್ಲಿ ಕಣ್ತುಂಬ ನೋಡಲು ಸಿಗುವ ವಿಮಾನವೆಂದರೆ ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ನೌಕಾಪಡೆಯ ಹಳೆಯ ಟುಪೊಲೆವ್. ಅದು ಹಾರುವುದಿಲ್ಲ. ಅಂಕೋಲೆಯ ಅಲಗೇರಿಯಲ್ಲಿ ಇಳಿಯಬೇಕಾದ ನಾಗರಿಕ ವಿಮಾನ ಇನ್ನೂ ಇಳಿದಿಲ್ಲ. ಇಂಥ ಜಿಲ್ಲೆಯ ಮಾಣಿಯೊಬ್ಬ, ನನ್ನ ತಂಗಿಯ ಮಗ, ಅಮೆರಿಕದಲ್ಲಿ ಖಾಸಗಿ ಪೈಲಟ್ ಪರೀಕ್ಷೆ ಪಾಸಾಗಿ ಶಿರಸಿಗೆ ಬಂದ.

ಜಗಲಿಯಲ್ಲಿ ಕವಳ ಹಾಕುತ್ತ, "ನೂರಕ್ಕೆ ಎಷ್ಟು ಬಂತೋ?" ಎಂದೆ.

"ಹಾರಾಟಕ್ಕೆ ಅಂಕವಿಲ್ಲ ಮಾವ. ಪಾಸು, ಇಲ್ಲವೇ ಫೇಲು."

ವಿಮಾನವನ್ನು 45 ಡಿಗ್ರಿ ವಾಲಿಸಿ ಸುತ್ತು ಹೊಡೆಯಬೇಕಂತೆ. ಎತ್ತರದಲ್ಲಿ 100 ಅಡಿ, ವೇಗದಲ್ಲಿ 10 ನಾಟ್ ಆಚೀಚೆಯಾದರೆ ಸರಿ. ಅದನ್ನು ಮೀರಿಯೂ ತಿದ್ದಿಕೊಳ್ಳದಿದ್ದರೆ ಮನೆಗೆ. ಹತ್ತು ಕೆಲಸ ಚೆನ್ನಾಗಿ ಮಾಡಿ ಒಂದರಲ್ಲಿ ಎಡವಿದರೂ ಫೇಲು. ಉದ್ದ ಕಡಿಮೆಯಿರುವ ಓಡುದಾರಿಯಲ್ಲಿ ಇಳಿಯುವಾಗ, ಹೇಳಿದ ಜಾಗ ದಾಟಿ 200 ಅಡಿಯೊಳಗೆ ಚಕ್ರ ನೆಲ ಮುಟ್ಟಬೇಕು. ನಮ್ಮ ಬಸ್ಸು ನಿಲ್ದಾಣ ದಾಟಿ ಅದಕ್ಕಿಂತ ಮುಂದೆ ನಿಲ್ಲುತ್ತದೆ. ಓಡಿ ಹತ್ತಿದವರು ಪಾಸು.

ನನಗೆ ನಂಬಲಾಗದ್ದು ಇನ್ನೊಂದು. ಹಾರುವ ಮೊದಲು ವಿಮಾನದಲ್ಲಿ ದೋಷ ಕಂಡರೆ "ಇದರಲ್ಲಿ ಹೋಗುವುದಿಲ್ಲ" ಎನ್ನಬಹುದು. ಅದು ಫೇಲಲ್ಲ. ಪರೀಕ್ಷಕರು ಪತ್ರ ಕೊಡುತ್ತಾರೆ, ಅಲ್ಲಿಯವರೆಗೆ ಪಾಸಾದ ಭಾಗ 60 ದಿನ ಊರ್ಜಿತ.

ನನ್ನ ಕಾರಿನ ಪರೀಕ್ಷೆ ನೆನಪಾಯಿತು. ಮೈದಾನದಲ್ಲಿ ಹಿಮ್ಮುಖವಾಗಿ ಬರುವಾಗ ಕಂಬವೊಂದನ್ನು ಬೀಳಿಸಿದ್ದೆ. ಏಜೆಂಟರು ಓಡಿ ಬಂದು ಅದನ್ನು ಎತ್ತಿ ನಿಲ್ಲಿಸಿ, "ಗಾಳಿಗೆ ಬಿತ್ತು ಸಾರ್" ಎಂದರು. ಮೇ ತಿಂಗಳ ಸೆಖೆ, ಎಲೆಯೂ ಅಲುಗುತ್ತಿರಲಿಲ್ಲ. ಜೀಪಿನ ನೆರಳಿನಲ್ಲಿ ಶೇಂಗಾ ಸುಲಿಯುತ್ತಿದ್ದ ಸಾಹೇಬರು ತಲೆಯೆತ್ತದೆಯೇ ತಲೆಯಾಡಿಸಿದರು. ಆ ತಲೆಯಾಟದ ಬಲದಿಂದಲೇ ನಾನು ಇಂದಿಗೂ ದೇವಿಮನೆ ಘಟ್ಟ ಇಳಿಯುತ್ತಿದ್ದೇನೆ.

ಮಾಣಿಗೂ ಕಾರಿನ ಲೈಸೆನ್ಸ್ ಬೇಕಿತ್ತು. ಅದೇ ಮೈದಾನ, ಅದೇ ಏಜೆಂಟರು, ನಾನು ಪಾಸಾದ ಅದೇ ಕಾರು. ಇವನು ಬಾಗಿಲು ತೆಗೆಯುವ ಬದಲು ಕಾರಿಗೆ ಪ್ರದಕ್ಷಿಣೆ ಹಾಕಿದ. ಬಗ್ಗಿ ಟೈರು ಮುಟ್ಟಿದ. ಬಾನೆಟ್ ಎತ್ತಿ ಎಣ್ಣೆ ನೋಡಿದ. ನನ್ನನ್ನು ಒಳಗೆ ಕೂರಿಸಿ, "ಮಾವ, ಬ್ರೇಕ್ ತುಳಿಯಿರಿ" ಎಂದ. ತುಳಿದೆ. ಹಿಂದಿನ ಎರಡೂ ದೀಪ ಹೊತ್ತಲಿಲ್ಲ.

"ಏನು ಹುಡುಕುತ್ತಿದ್ದಾನೆ, ಗಾಡಿ ಕದ್ದದ್ದೇನು?" ಎಂದು ಸಾಹೇಬರು ಮೊದಲ ಬಾರಿಗೆ ತಲೆಯೆತ್ತಿದರು.

"ಇದನ್ನು ಓಡಿಸುವುದು ಸುರಕ್ಷಿತವಲ್ಲ ಸಾರ್."

ಏಜೆಂಟರು ನನ್ನನ್ನು ಪಕ್ಕಕ್ಕೆ ಕರೆದು, "ಹುಡುಗನಿಗೆ ಆರಾಮಿಲ್ಲವೇ?" ಎಂದು ಮೆಲ್ಲಗೆ ವಿಚಾರಿಸಿದರು.

ಸಾಹೇಬರು ಮಾಣಿಯ ಹೆಸರಿನೆದುರು 'ಗೈರುಹಾಜರು' ಎಂದು ಬರೆದರು. ಅವನು ಪಕ್ಕದಲ್ಲೇ ನಿಂತು ಕಾಗುಣಿತ ನೋಡುತ್ತಿದ್ದ. ಆಮೇಲೆ ಸರದಿಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಅದೇ ಕಾರು ಹತ್ತಿ ಪಾಸಾದರು. ಕಂಬ ಮೂರು ಸಲ ಗಾಳಿಗೆ ಬಿತ್ತು.